ಬಾಯಿಲೆಕ್ಕದಲ್ಲಿ ದಶಕ ಒಂದು ಅವರ ಸತತ ಗೈರುಹಾಜರಿ ಕುರಿತು

ಸನ್ಮಾನ್ಯ ದಶಕ ಒಂದು ಅವರ ಸನ್ನಿಧಿಗೆ,
ಬಿಡಿಸ್ಥಾನದಿಂದ ಹೊರಟು ಹತ್ತರ ಸ್ಥಾನಕ್ಕೆ ಹೋಗುವ ದಾರಿಯಲ್ಲಿ ಎಲ್ಲಿ ತಪ್ಪಿಸಿಕೊಂಡಿದ್ದೀರೋ ಅಲ್ಲಿಗೆ.

ಮಾನ್ಯರೇ,

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ವಾಸ, ಕಮಲಾಪುರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ, ಮೂರನೇ ತರಗತಿಯ ಮೂವತ್ತೊಂದು ಮಕ್ಕಳಿಗೆ ಮಾಸ್ತರ, ಹೆಸರು ಸಂಜುಕುಮಾರ, ಇಂತಿಪ್ಪ ನಾನು ಹತ್ತೊಂಬತ್ತು ವರ್ಷದ ಸೀಮೆಸುಣ್ಣದ ಧೂಳನ್ನು ಅಂಗೈಯಿಂದ ಕೊಡವಿಕೊಂಡು ತಮಗೆ ಎರಡೂ ಕೈ ಜೋಡಿಸಿ ಮಾಡುವ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಭಾವಿಸುವುದನ್ನು ಬಿಟ್ಟು ನನಗೆ ಬೇರೆ ದಾರಿಯೂ ಇಲ್ಲ, ಯಾಕೆಂದರೆ ಬಾಯಿಲೆಕ್ಕದ ತಾಸಿನಲ್ಲಿ ತಮ್ಮನ್ನು ಕಣ್ಣಾರೆ ಕಂಡವರು ನಮ್ಮ ಶಾಲೆಯಲ್ಲಿ ಯಾರೂ ಸಿಕ್ಕಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ, ಶಾಲೆ ಬಿಟ್ಟ ಮೇಲೆ ತಮ್ಮನ್ನು ಮರೆತಿರಬಹುದಾದ ಓದುಗರಿಗಾಗಿ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಲು ಅಪ್ಪಣೆಯಾಗಬೇಕು. ನಲವತ್ತೇಳಕ್ಕೆ ಮೂವತ್ತೆಂಟನ್ನು ಕೂಡುವಾಗ ಮೊದಲು ಏಳು ಮತ್ತು ಎಂಟು ಸೇರಿ ಹದಿನೈದಾಗುತ್ತವೆ. ಐದು ಪಾಪ ಸುಮ್ಮನೆ ಕೆಳಗೆ ಕೂರುತ್ತದೆ. ಮಿಕ್ಕ ಒಂದು, ಅಂದರೆ ತಾವು, ಎಡಗಡೆಯ ಮನೆಯ ನಾಲ್ಕರ ತಲೆ ಮೇಲೆ ಹತ್ತಿ ಕೂತುಬಿಡುತ್ತೀರಿ. ಸ್ಲೇಟಿನ ಮೇಲೆ, ಕರಿಹಲಗೆಯ ಮೇಲೆ, ನೋಟುಬುಕ್ಕಿನಲ್ಲಿ ತಾವು ಕೂತ ಜಾಗ ಬಿಟ್ಟು ಕದಲಿದ್ದನ್ನು ನಾನು ಕಂಡಿಲ್ಲ. ಅಲ್ಲಿ ತಮ್ಮ ಹಾಜರಾತಿ ನನ್ನದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಸ್ಲೇಟನ್ನು ಪಕ್ಕಕ್ಕಿಟ್ಟು 'ಈಗ ಬಾಯಿಲೆಕ್ಕ' ಅಂದ ಕೂಡಲೇ ತಮಗೆ ಏನಾಗುತ್ತದೋ ನಾ ಕಾಣೆ. ನಲವತ್ತೇಳು, ಮೂವತ್ತೆಂಟು, ಕೂಡ್ರಿ ನೋಡೋಣ ಎಂದರೆ ತರಗತಿಗೆ ತರಗತಿಯೇ ಒಂದೇ ಉಸಿರಿಗೆ 'ಎಪ್ಪತ್ತೈದ್ರೀ ಸರ್' ಎಂದು ಕೂಗುತ್ತದೆ. ಎಂಬತ್ತೈದು ಆಗಬೇಕಾದದ್ದು ಎಪ್ಪತ್ತೈದು ಆದದ್ದು ಯಾರಿಂದ ಎಂದು ನಾನು ಬಾಯಿಬಿಟ್ಟು ಹೇಳಬೇಕಿಲ್ಲ. ಅರ್ಜಿ ಇಲ್ಲ, ರಜಾಚೀಟಿ ಇಲ್ಲ, ಪಕ್ಕದ ಮನೆಯವರಿಗೆ ಹೇಳಿ ಹೋದದ್ದೂ ಇಲ್ಲ. ಏಳು ಮತ್ತು ಎಂಟರ ಮದುವೆಗೆ ಬಂದು ಊಟ ಮಾಡಿ ಕೈ ತೊಳೆಯದೆ ಹೋದ ನೆಂಟರ ಹಾಗೆ ತಾವು ಮಾಯವಾಗುತ್ತೀರಿ.

ನನ್ನ ದೂರನ್ನು ಮುಂದುವರಿಸುವ ಮೊದಲು, ದೂರುವವನ ಯೋಗ್ಯತೆ ಎಷ್ಟು ಎಂದು ತಾವು ಕೇಳುವಿರಿ, ಅದು ನ್ಯಾಯವೇ. ಮಾನ್ಯರೇ, ಬಾಯಿಲೆಕ್ಕ ನನಗೂ ಬರುವುದಿಲ್ಲ. ಈ ಮಾತನ್ನು ಹತ್ತೊಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ, ಹೇಳುವ ಪ್ರಸಂಗ ಬರದಂತೆ ನೋಡಿಕೊಂಡಿದ್ದೆ. ಬೆಳಿಗ್ಗೆ ಮನೆಯಲ್ಲಿ ಮೊಬೈಲು ನೋಡಿಕೊಂಡು ಹತ್ತು ಲೆಕ್ಕದ ಉತ್ತರಗಳನ್ನು ಎಡ ಅಂಗೈಯಲ್ಲಿ ನೀಲಿ ಪೆನ್ನಿನಿಂದ ಸಾಲಾಗಿ ಬರೆದುಕೊಳ್ಳುವುದು, ತರಗತಿಯಲ್ಲಿ ಆ ಕೈಯನ್ನು ಗಂಭೀರವಾಗಿ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುವುದು, ಬೇಕಾದಾಗ ಕೆಮ್ಮುವ ನೆಪದಲ್ಲಿ ಬಾಯಿಯ ಹತ್ತಿರ ತಂದು ಓದಿಕೊಳ್ಳುವುದು, ಇದು ನನ್ನ ಬೋಧನಾ ವಿಧಾನ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಅಂಗೈ ಬೆವರಿ ಉತ್ತರಗಳು ಒಂದಕ್ಕೊಂದು ಕಲೆಸಿಹೋಗುವುದರಿಂದ ಮಾರ್ಚ್ ತಿಂಗಳಿನಿಂದ ನಾನು ಬಾಯಿಲೆಕ್ಕ ಬಿಟ್ಟು ಪದ್ಯ ಹೇಳಿಸುತ್ತೇನೆ. ಕಾಲೋನಿಯ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ರಾಜೇಶ್ರೀ ಒಂದು ದಿನ ನನ್ನ ಅಂಗೈ ಹಿಡಿದು ನೋಡಿ, ನಾಡಿ ನೋಡುವಷ್ಟೇ ಶಾಂತವಾಗಿ, 'ಏನ್ರೀ, ನೀವು ಮಕ್ಕಳಿಗಿ ಕಲಸ್ಲಾಕ ಹೋಗ್ತೀರೋ, ಮಕ್ಕಳಿಂದ ಮುಚ್ಚಿಡ್ಲಾಕ ಹೋಗ್ತೀರೋ?' ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಹೊರಟುಬಂದೆ.

ಹೀಗೆ ಕಾಲ ತಳ್ಳುತ್ತಿದ್ದವನಿಗೆ ಈ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಮೂರನೇ ತರಗತಿಯ ಮಕ್ಕಳು ಮೂರಂಕಿಯ ಸಂಖ್ಯೆಗಳನ್ನು ಸ್ಲೇಟು, ಪೆನ್ಸಿಲ್ಲು ಮುಟ್ಟದೆ ಮನಸ್ಸಿನಲ್ಲೇ ಕೂಡಬೇಕು, ಅದನ್ನು ನೋಡಲು ತಿಂಗಳೊಳಗೆ ಒಬ್ಬ ಸಾಹೇಬರು ಬರುತ್ತಾರೆ ಎಂದು ಅದರ ಸಾರಾಂಶ. ಮೂರಂಕಿ ಎಂದರೆ ತಾವು ಒಬ್ಬರೇ ಅಲ್ಲ, ಜೊತೆಗೆ ತಮ್ಮ ಅಣ್ಣನವರೂ ಬರುತ್ತಾರೆ, ಬಿಡಿಯಿಂದ ಒಬ್ಬರು, ಹತ್ತರಿಂದ ಒಬ್ಬರು. ಒಬ್ಬರನ್ನೇ ಹಿಡಿಯಲಾರದವನಿಗೆ ಇಬ್ಬರನ್ನು ಕಾಯುವ ಕೆಲಸ ಬಂತು. ಆಗ ನಾನು ತಮಗೆ ಸಲ್ಲಿಸಬೇಕೆಂದು ಮನಸ್ಸಿನಲ್ಲೇ ಸಿದ್ಧಪಡಿಸಿದ್ದ ಬೇಡಿಕೆಗಳು ಇಂತಿದ್ದವು: ತಾವು ಪ್ರತಿ ಲೆಕ್ಕದಲ್ಲೂ ನಮ್ಮ ಹಾಗೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಹಾಜರಿ ಹಾಕಬೇಕು, ಕೊರಳಿಗೆ ಹೋರಿಯ ಗೆಜ್ಜೆಯೊಂದನ್ನು ಕಟ್ಟಿಕೊಂಡು ಓಡಾಡಬೇಕು, ಹತ್ತರ ಸ್ಥಾನ ತಲುಪಿದ ಕೂಡಲೇ 'ಮುಟ್ಟೀನ್ರೀ ಸರ್' ಎಂದು ಒಂದು ಮಿಸ್ ಕಾಲ್ ಕೊಡಬೇಕು. ಇವು ಯಾವುದೂ ಆಗದಿದ್ದರೆ ತಮ್ಮನ್ನು ಬೇರೆ ವಿಷಯಕ್ಕೆ, ಉದಾಹರಣೆಗೆ ಸಮಾಜ ವಿಜ್ಞಾನಕ್ಕೆ, ವರ್ಗಾವಣೆ ಮಾಡಬೇಕು.

ದೇವರು ದೊಡ್ಡವನು. ಅಷ್ಟರಲ್ಲಿ ನನಗೆ ಬಸ್ಸಿನಲ್ಲಿ ಜ್ಞಾನೋದಯವಾಯಿತು. ದಿನಾ ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವುದು ನನ್ನ ರೂಢಿ, ಸೀಟು ಸಿಕ್ಕರೆ ನಿದ್ದೆ ಬಂದು ಹುಮನಾಬಾದಿನ ತನಕ ಹೋಗಿಬಿಡುತ್ತೇನೆಂದು ಭಯ. ಮಹಾಗಾಂವ ಕ್ರಾಸಿನಲ್ಲಿ ಒಬ್ಬ ಹೆಣ್ಣುಮಗಳು ತಲೆ ಮೇಲೆ ತೊಗರಿಬೇಳೆಯ ಗಂಟು ಹೊತ್ತು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಮಗುವನ್ನು ಎಳೆದುಕೊಂಡು ಹತ್ತಿದಳು. ಬಸ್ಸು ಎಷ್ಟು ಕುಲುಕಿದರೂ ಗಂಟು ಅಲುಗಲಿಲ್ಲ. ಆಹಾ, ತಲೆ ಮೇಲೆ ಇಟ್ಟದ್ದನ್ನು ಕೈಯಲ್ಲಿ ಹಿಡಿದರೆ ಬೀಳುವುದಿಲ್ಲ! ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ಹೊಳೆಯದೇ ಹೋಯಿತಲ್ಲ ಎಂದು ನನ್ನ ಹಣೆಗೆ ನಾನೇ ಹೊಡೆದುಕೊಂಡೆ, ಪಕ್ಕದವರು ನನ್ನ ಪಾಕೀಟು ಹೋಯಿತೆಂದು ತಿಳಿದು ಮರುಗಿದರು.

ಅಂದೇ ತರಗತಿಯಲ್ಲಿ ಹೊಸ ಕಾನೂನು ಜಾರಿಗೆ ಬಂತು. ಬಿಡಿ ಕೂಡಿದಾಗ ದಶಕ ಬಂದರೆ ಬಲಗೈ ತಲೆ ಮೇಲೆ, ಹತ್ತು ಕೂಡಿದಾಗ ದಶಕ ಬಂದರೆ ಎಡಗೈ ತಲೆ ಮೇಲೆ, ಉತ್ತರ ಹೇಳುವ ತನಕ ಯಾರೂ ಕೈ ಇಳಿಸತಕ್ಕದ್ದಲ್ಲ. ಮೊದಲ ದಿನವೇ ಎಂಬತ್ತೈದು ಬಂತು. ಎರಡನೇ ದಿನ ಮೂರಂಕಿಯೂ ಬಂತು. ತಾವು ಸಿಕ್ಕಿಬಿದ್ದಿದ್ದಿರಿ, ಮಾನ್ಯರೇ, ಮೂವತ್ತೊಂದು ತಲೆಗಳ ಮೇಲೆ ಮೂವತ್ತೊಂದು ಅಂಗೈಗಳ ಕೆಳಗೆ ತಾವು ಬಂದಿಯಾಗಿದ್ದಿರಿ. ತಲೆ ತುರಿಸಿದವರ ಲೆಕ್ಕ ತಪ್ಪುತ್ತಿತ್ತು, ಆದ್ದರಿಂದ ತುರಿಕೆಯನ್ನು ಲೆಕ್ಕ ಮುಗಿಯುವ ತನಕ ತಡೆಹಿಡಿಯಲು ಆಜ್ಞೆ ಮಾಡಿದೆ. ಬೀರಲಿಂಗ ಎಂಬ ಹುಡುಗ ಲೆಕ್ಕದ ನಡುವೆ ಎದ್ದು ನಿಂತು, 'ಸರ್, ಒಂದಕ್ಕ ಹೋಗ್ಬೇಕ್ರೀ, ಆದ್ರ ಕೈ ಬಿಟ್ರ ಒಂದು ಬೀಳ್ತದ' ಎಂದು ಅಳುಮುಖ ಮಾಡಿದ. ಹಿಡಿದುಕೊಂಡೇ ಹೋಗು ಎಂದೆ. ಆ ಕರ್ತವ್ಯನಿಷ್ಠ ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡೇ ಹೋಗಿ, ತಲೆ ಮೇಲೆ ಕೈ ಇಟ್ಟುಕೊಂಡೇ ಬಂದು, ಒದ್ದೆ ಚಡ್ಡಿಯಲ್ಲಿ ನಿಂತು ಸರಿಯುತ್ತರ ಹೇಳಿದ. ಅದರ ವಿಡಿಯೊ ಮಾಡಿ, ಸೊಂಟದ ಮೇಲಿನ ಭಾಗವನ್ನು ಮಾತ್ರ, ಮಾಸ್ತರರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂದವು. ಅವುಗಳಲ್ಲಿ ಒಂದು ನನ್ನದೇ.

ಈಗ ನಾನು ನಗದೆ ಹೇಳಬೇಕಾದ ಭಾಗಕ್ಕೆ ಬಂದಿದ್ದೇನೆ, ತಾವೂ ದಯವಿಟ್ಟು ನಗಬಾರದು.

ಕಿಟಕಿಯ ಪಕ್ಕ ಕೂರುವ ತ್ರಿವೇಣಿ ಎಂಬ ಎಂಟು ವರ್ಷದ ಹುಡುಗಿ ನಮ್ಮ ತರಗತಿಯಲ್ಲಿದ್ದಾಳೆ. ಅವಳ ಆಯಿ, ಅಂದರೆ ಅಪ್ಪನ ತಾಯಿ ಮಾನಮ್ಮ, ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವರು. ನಾನು ಇನ್ನೂರಾ ಅರವತ್ತೆಂಟಕ್ಕೆ ನೂರಾ ಐವತ್ತೇಳು ಎಂದು ಹೇಳಿ ಬಾಯಿ ಮುಚ್ಚುವುದರೊಳಗೆ ಈ ಹುಡುಗಿ 'ನಾಲ್ಕುನೂರಾ ಇಪ್ಪತ್ತೈದು' ಅಂದಳು. ಅಂಗೈ ನೋಡಿಕೊಂಡೆ, ಸರಿಯಾಗಿತ್ತು. ಆದರೆ ಅವಳ ಎರಡೂ ಕೈ ಮಡಿಲಲ್ಲಿದ್ದವು. 'ಕೈ ಎಲ್ಲವ?' ಎಂದು ಕೇಳಿದೆ. ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು, ಏನೂ ಕಳೆದಿಲ್ಲ ಎಂದು ಖಾತ್ರಿ ಮಾಡಿಕೊಂಡು, 'ಕೈ ಯಾಕ್ರೀ ಸರ್? ಮೊದಲನೇದರ ಕಡೀ ಬುಟ್ಟಿಗಿ ಮೂವತ್ತೆರಡು ಕಮ್ಮಿ ಬಿದ್ದಾವ. ಎರಡನೇದರಾಗಿಂದ ತಗದ ಹಾಕಿದ್ರ ಮುನ್ನೂರು ತುಂಬ್ತದ. ಅಲ್ಲಿ ನೂರಾ ಇಪ್ಪತ್ತೈದು ಉಳೀತಾವ' ಎಂದಳು. ಲೆಕ್ಕದಲ್ಲಿ ಬುಟ್ಟಿ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿಸಿದೆ, ಆಗಲೂ ಅರ್ಥವಾಗಲಿಲ್ಲ. ಮೂರನೇ ಸಲ ಹೇಳಿಸಲು ಮೂವತ್ತು ಮಕ್ಕಳ ಎದುರಿಗೆ ನಾಚಿಕೆಯಾಯಿತು.

ಮಾನ್ಯರೇ, ಅರ್ಥವಾಗದ್ದನ್ನು ಮಾಸ್ತರನಾದವನು ಏನು ಮಾಡುತ್ತಾನೆಂದು ತಮಗೆ ಗೊತ್ತೇ ಇದೆ, ತಪ್ಪು ಎನ್ನುತ್ತಾನೆ. ನಾನೂ ಹಾಗೇ ಅಂದೆ. ಬುಟ್ಟಿಗಿಟ್ಟಿ ಸಂತೆಯಲ್ಲಿಟ್ಟುಕೋ, ಇಲ್ಲಿ ಬಿಡಿಯಿಂದ ಕೂಡಬೇಕು, ಕೈ ತಲೆ ಮೇಲಿರಬೇಕು ಎಂದು ಹೇಳಿ, ಅದೇ ಲೆಕ್ಕವನ್ನು ಮತ್ತೆ ಮಾಡಿಸಿದೆ. ಅವಳು ಬಲಗೈ ಇಟ್ಟಳು, ಎಡಗೈ ಇಟ್ಟಳು, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತು 'ನಾಲ್ಕುನೂರಾ ಹದಿನೈದು' ಅಂದಳು. ತಾವು ಅವಳ ಕೈಯನ್ನೂ ತಪ್ಪಿಸಿಕೊಂಡು ಹೋಗಿದ್ದಿರಿ. ಉತ್ತರ ತಪ್ಪು ಎಂದು ನನ್ನ ಅಂಗೈ ಹೇಳುತ್ತಿತ್ತು, ಆದರೂ ನಾನು ಏನು ಹೇಳಿದೆ ಬಲ್ಲಿರಾ? 'ಶಾಭಾಸ್, ಈಗ ದಾರಿಗಿ ಬಂದಿ ನೋಡು, ಉತ್ತರ ತಾನೇ ಬರ್ತದ' ಅಂದೆ. ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಕೈ ಇಲ್ಲದ ಸರಿಯುತ್ತರಕ್ಕೆ ಬೈಗುಳ, ಕೈ ಇದ್ದ ತಪ್ಪುತ್ತರಕ್ಕೆ ಚಪ್ಪಾಳೆ. ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ತಪ್ಪುಗಳನ್ನು ಕೂಡಿದರೆ ತಾವು ಹಲವು ಸಲ ಮೇಲೆ ಹತ್ತಿ ಇಳಿಯಬೇಕಾದೀತು, ಆದರೆ ಅವುಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಆ ದಿನದಿಂದ ತ್ರಿವೇಣಿ ಕೇಳಿದ ಲೆಕ್ಕಕ್ಕೆಲ್ಲ ಎರಡೂ ಕೈ ತಲೆ ಮೇಲೆ ಇಡತೊಡಗಿದಳು, ದಶಕ ಬರಲಿ ಬಿಡಲಿ. ಉತ್ತರ ಹೇಳುವುದನ್ನು ಮೆಲ್ಲಗೆ ನಿಲ್ಲಿಸಿದಳು. ಹುಡುಗಿ ಶಿಸ್ತು ಕಲಿಯಿತು ಎಂದು ನಾನು ಖುಷಿಪಟ್ಟೆ.

ಸಾಹೇಬರು ಬಂದರು. ಅವರು ಬಾಗಿಲಲ್ಲಿ ಕಾಣಿಸಿಕೊಂಡಾಗ ನಾನು ಅಭ್ಯಾಸ ಮಾಡಿಸುತ್ತಿದ್ದೆ, ಮೂವತ್ತೊಂದು ಮಕ್ಕಳು ಎರಡೆರಡು ಕೈ ತಲೆ ಮೇಲೆ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಸಾಹೇಬರು ಹೊಸ್ತಿಲಲ್ಲೇ ನಿಂತು, ಮಕ್ಕಳಿಗೆ ಇಷ್ಟು ಘೋರ ಶಿಕ್ಷೆ ಕೊಡುವಂತಿಲ್ಲವೆಂಬ ಕಾಯಿದೆ ಬಂದು ಎಷ್ಟು ವರ್ಷವಾಯಿತು ಗೊತ್ತೇನ್ರೀ ಎಂದು ಗದರಿದರು. ಇದು ಶಿಕ್ಷೆಯಲ್ಲ, ಶಿಕ್ಷಣ ಎಂದು ನಾನು ವಿವರಿಸಿದೆ. ಅವರು ನಂಬದೆ ತಾವೇ ಲೆಕ್ಕ ಕೇಳಿದರು, ಮಕ್ಕಳು ನನ್ನ ಮಾನ ಉಳಿಸಿದರು, ಒಬ್ಬರಾದ ಮೇಲೆ ಒಬ್ಬರು ಸರಿಯುತ್ತರ ಹೇಳಿ ಕೈ ಇಳಿಸಿದರು. ಕೊನೆಗೆ ಸಾಹೇಬರು ಕಿಟಕಿಯ ಕಡೆ ತಿರುಗಿದರು. ತ್ರಿವೇಣಿ ಎದ್ದು ನಿಂತಳು, ಎರಡೂ ಕೈ ತಲೆ ಮೇಲಿದ್ದವು, ಬಾಯಿ ಬಿಡಲಿಲ್ಲ. ಸುಲಭದ್ದು ಕೇಳಿದರು, ಬಿಡಲಿಲ್ಲ. ಎರಡಂಕಿಯದು ಕೇಳಿದರು, ಬಿಡಲಿಲ್ಲ. ಸಾಹೇಬರು ಕನಿಕರದಿಂದಲೇ, ಈ ಮಗುವನ್ನು ಪರಿಹಾರ ಬೋಧನೆಯ ಪಟ್ಟಿಗೆ ಸೇರಿಸಿರಿ ಎಂದರು. ಲೆಕ್ಕ ಬಾರದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಮತ್ತೆ ಒಂದು ತಾಸು ಪಾಠ ಹೇಳುವ ಪಟ್ಟಿ ಅದು. ನಮ್ಮ ಶಾಲೆಯ ಪಟ್ಟಿಯಲ್ಲಿ ಅಂದು ಬಿದ್ದದ್ದು ಒಂದೇ ಹೆಸರು, ಬರೆದದ್ದು ನನ್ನ ಕೈ. ಈ ಹುಡುಗಿಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ ಎಂಬ ಒಂದು ವಾಕ್ಯ ನನ್ನ ಗಂಟಲ ತನಕ ಬಂದಿತ್ತು. ಸಾಹೇಬರು ನನ್ನ ಪದ್ಧತಿಯನ್ನು ಹೊಗಳತೊಡಗಿದ್ದರಿಂದ ಆ ವಾಕ್ಯವನ್ನು ನುಂಗಿ ನೀರು ಕುಡಿದೆ.

ಅದರ ಮುಂದಿನ ಸಂತೆಯ ದಿನ, ಶಾಲೆ ಬಿಟ್ಟ ಮೇಲೆ, ರಾಜೇಶ್ರೀ ತರಲು ಹೇಳಿದ್ದ ಕೆಂಪು ಬಾಳೆಹಣ್ಣಿಗಾಗಿ ಸಂತೆಗೆ ಹೋದೆ. ಮಾನಮ್ಮ ಗೊನೆಗಳಿಂದ ಹಣ್ಣು ಬಿಡಿಸಿ, ಕಲಬುರಗಿಗೆ ಕಳಿಸಲು ಬುಟ್ಟಿಗೆ ನೂರರಂತೆ ಜೋಡಿಸುತ್ತಿದ್ದರು. ಅವರ ಪದ್ಧತಿಯನ್ನು ಅಂದು ಮೊದಲ ಸಲ ನೋಡಿದೆ. ಅರ್ಧ ತುಂಬಿದ ಬುಟ್ಟಿಗಳನ್ನು ಅವರು ಹಾಗೇ ಬಿಡುವುದಿಲ್ಲ, ಯಾವುದಕ್ಕೆ ಎಷ್ಟು ಕೊರತೆಯಿದೆಯೋ ಅಷ್ಟನ್ನು ಇನ್ನೊಂದರಿಂದ ತೆಗೆದು ಮೊದಲು ಅದನ್ನು ತುಂಬಿಸಿ ಮುಚ್ಚಿಬಿಡುತ್ತಾರೆ. ತ್ರಿವೇಣಿ ಹೇಳಿದ ಬುಟ್ಟಿ ಇದು. ಅವಳು ಇದನ್ನು ಕಲಿತಾಗ ವಯಸ್ಸು ಬಹುಶಃ ಐದು. ಆದರೆ ಅಂದು ಎಣಿಕೆ ಹೇಳಬೇಕಾದ ಹುಡುಗಿ ಬುಟ್ಟಿಗಳ ನಡುವೆ ಎರಡೂ ಕೈ ತಲೆ ಮೇಲೆ ಹೊತ್ತುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು.

ನನ್ನನ್ನು ಕಂಡ ಮಾನಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡು, 'ಬರ್ರೀ ಮಾಸ್ತರ್ರೀ, ಬಾಳ ಚಲೋ ಆಯ್ತು ಬಂದಿದ್ದು. ಈಕಿ ಕೈ ಸ್ವಲ್ಪ ಕೆಳಗ ಇಳಸ್ರಿ. ಲೆಕ್ಕ ಕೇಳಿದ್ರ ಹಿಂಗ ಕೂಡ್ತಾಳ. ಎರಡೂ ಕೈ ತಲಿ ಮ್ಯಾಲ ಹೊತ್ತು ಕುಂತ್ರ ಹಣ್ಣ ಯಾರು ಎತ್ತಿ ಇಡಬೇಕು? ಬಂದ ಗಿರಾಕಿ ಯಾರು ಸತ್ತಾರಂತ ಕೇಳ್ಲಾಕತ್ತಾರ' ಎಂದರು. ಮಾತಿನಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಟೆಂಪೊದವನು ಎಷ್ಟು ಬುಟ್ಟಿ ಎಂದು ಅವಸರ ಮಾಡುತ್ತಿದ್ದ. ಮಾನಮ್ಮ ನನ್ನ ಕಡೆ ನೋಡಿ, 'ನೀವರೆ ಹೇಳ್ರಿ, ಆ ತೋಟದ್ದು ಮುನ್ನೂರಾ ಎಪ್ಪತ್ತಾರು ಬಂದಾವ, ಈ ತೋಟದ್ದು ಇನ್ನೂರಾ ನಲವತ್ತೆಂಟು. ಎಷ್ಟಾತು?' ಎಂದು ಕೇಳಿದರು.

ನನ್ನ ಅಂಗೈಯಲ್ಲಿ ಆ ಲೆಕ್ಕ ಇರಲಿಲ್ಲ, ಮಾನ್ಯರೇ. ಮೊಬೈಲು ಜೇಬಿನಲ್ಲಿತ್ತು, ಆದರೆ ಮಾಸ್ತರನಾದವನು ನಡುಸಂತೆಯಲ್ಲಿ ಮೊಬೈಲು ತೆಗೆಯುವುದುಂಟೆ. ಮೊದಲು ನನ್ನ ಬಲಗೈ ಎದ್ದು ತಲೆ ಮೇಲೆ ಹೋಯಿತು, ಆಮೇಲೆ ಎಡಗೈ ಕೈಚೀಲದ ಸಮೇತ ಹೋಯಿತು. ಹಾಗೆ ನಿಂತು, ಸಾಧ್ಯವಾದಷ್ಟು ಗಂಭೀರವಾಗಿ, 'ಆರುನೂರಾ ಹದಿನಾಲ್ಕು' ಎಂದೆ. ಮಾನಮ್ಮನ ಮುಖ ನೋಡಿದ ಕೂಡಲೇ ತಪ್ಪಿದ್ದು ಗೊತ್ತಾಯಿತು. ಅವರು ಮೊಮ್ಮಗಳ ಕಡೆ ತಿರುಗಿ 'ಹೌದೇನವ್ವಾ?' ಎಂದರು. ತ್ರಿವೇಣಿ ನನ್ನ ಎರಡು ಕೈಗಳನ್ನು ಒಂದೊಂದಾಗಿ ನೋಡಿದಳು. ನೋಡಿ, ನೆಲಕ್ಕೆ ಕಣ್ಣು ಹಾಕಿ, 'ಸರ್ ಹೇಳಿದ್ದು ಖರೇ ಅದ ಆಯಿ. ಎರಡೂ ಕೈ ಬರೋಬ್ಬರಿ ಇಟ್ಟಾರ' ಅಂದಳು.

ಅವಳಿಗೆ ಉತ್ತರ ಗೊತ್ತಿತ್ತು. ಅವಳ ಕಣ್ಣಿನಲ್ಲೇ ಇತ್ತು. ಗೊತ್ತಿದ್ದೂ ಹೀಗೆ ಹೇಳುವುದನ್ನು ಅವಳಿಗೆ ಕಲಿಸಿದವನು ನಾನು, ಮತ್ತು ಮೂರನೇ ತರಗತಿಯಲ್ಲಿ ನಾನು ಪೂರ್ತಿಯಾಗಿ ಕಲಿಸಿದ ಪಾಠ ಅದೊಂದೇ. ಮಾನಮ್ಮ ಆರು ಬುಟ್ಟಿ ತುಂಬಿ ಗೋಣಿಚೀಲದ ಮೇಲೆ ಉಳಿದಿದ್ದ ಇಪ್ಪತ್ತನಾಲ್ಕು ಹಣ್ಣುಗಳಲ್ಲಿ ಹದಿನಾಲ್ಕನ್ನು ಈ ಕಡೆ ಸರಿಸಿ, ಮಿಕ್ಕದ್ದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದು, 'ಹಂಗಾದ್ರ ಈ ಹತ್ತು ಹಣ್ಣು ಯಾರವು, ಮಾಸ್ತರ್ರೀ?' ಎಂದು ಕೇಳಿದರು.

ತಾವು ಅಲ್ಲಿದ್ದಿರಿ. ಹತ್ತೊಂಬತ್ತು ವರ್ಷ ತಮ್ಮನ್ನು ಒಂದು, ಒಂದು ಎಂದು ಕರೆದು, ಒಂದು ಎಂದು ಬರೆಸಿ, ಒಂದು ಎಂದು ತಲೆ ಮೇಲೆ ಹೊರಿಸಿದ್ದೆ. ತಾವು ಒಂದಲ್ಲ, ಹತ್ತು, ಕೆಂಪಗೆ, ದಪ್ಪಗೆ, ಎರಡು ಕೈ ತುಂಬ ಇದ್ದಿರಿ. ಪುಸ್ತಕದಲ್ಲಿ ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಡಿ.ಎಡ್. ಪರೀಕ್ಷೆಯಲ್ಲಿ ಸ್ಥಾನಬೆಲೆಯ ಮೇಲೆ ಎರಡು ಪುಟ ಬರೆದಿದ್ದೇನೆ. ಬೆಲೆಯಿಲ್ಲದ ಒಂದನ್ನು ಹಿಡಿದುಕೊಳ್ಳಿರಿ ಎಂದರೆ ಮಕ್ಕಳ ತಲೆ ಹೇಗೆ ಹಿಡಿದುಕೊಂಡೀತು? ತಮ್ಮ ಗೈರುಹಾಜರಿಯ ದೂರನ್ನು ನಾನು ಈ ಕ್ಷಣದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೆಸರು ತಪ್ಪಾಗಿ ಕೂಗಿದರೆ ಯಾರು ತಾನೇ ಹಾಜರಿ ಹೇಳುತ್ತಾರೆ.

ನಾನು ಕೈ ಇಳಿಸಿದೆ. ತ್ರಿವೇಣಿಯ ಎದುರು ನೆಲಕ್ಕೆ ಕೂತು, 'ನಂದು ತಪ್ಪಾಗ್ಯಾದವ್ವಾ. ಈಗ ಹೇಳಿದ್ದೂ ತಪ್ಪು, ಅವತ್ತು ಹೇಳಿದ್ದೂ ತಪ್ಪು. ನಿಂದು ಖರೇ ಇತ್ತು, ನನಗ ತಿಳೀಲಿಲ್ಲ' ಎಂದೆ. ಸುತ್ತಲಿನ ನಾಲ್ಕು ಜನ ಗಿರಾಕಿಗಳೂ ಟೆಂಪೊದವನೂ ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಆಗ ಅವಳು ಥಟ್ಟನೆ ಆರುನೂರಾ ಇಪ್ಪತ್ತನಾಲ್ಕು ಎಂದು ಕೂಗಿದಳು ಎಂದು ಬರೆಯಲು ನನ್ನ ಪೆನ್ನು ತುದಿಗಾಲಲ್ಲಿ ನಿಂತಿದೆ, ಆದರೆ ಅವಳು ಕೂಗಲಿಲ್ಲ. ಕೈ ಇಳಿಸಿ, ಬುಟ್ಟಿಯ ಅಂಚು ಹಿಡಿದುಕೊಂಡು, ಆಯಿಯ ಮುಖ ನೋಡುತ್ತ ಕೂತಳು. ಮಾಸ್ತರರ ಮಾತನ್ನು ಒಂದು ಸಲ ನಂಬಿ ಕೆಟ್ಟವರು ಎರಡನೇ ಸಲ ತಡ ಮಾಡುವುದು ಸಹಜ.

ಮರುದಿನ ತರಗತಿಯಲ್ಲಿ ತಲೆ ಮೇಲಿನ ಕೈಗಳ ಕಾನೂನನ್ನು ರದ್ದು ಮಾಡಿದೆ, ಬೀರಲಿಂಗ ಎಲ್ಲರಿಗಿಂತ ಮೊದಲು ತಲೆ ತುರಿಸಿಕೊಂಡ. ಮೇಲಿನವರಿಗೆ ಪತ್ರ ಬರೆದು, ತ್ರಿವೇಣಿಯ ಹೆಸರು ನನ್ನ ತಪ್ಪಿನಿಂದ ಪಟ್ಟಿಗೆ ಬಿದ್ದಿದೆ, ತೆಗೆಯಬೇಕು ಎಂದು ಕೇಳಿಕೊಂಡೆ. ನಮೂನೆಯಲ್ಲಿ ಹೆಸರು ಸೇರಿಸಲು ಕಾಲಂ ಇದೆ, ತೆಗೆಯಲು ಕಾಲಂ ಇಲ್ಲ, ಆದ್ದರಿಂದ ವರ್ಷ ಮುಗಿಯುವ ತನಕ ಇರಲಿ ಎಂದು ಉತ್ತರ ಬಂತು. ಸೇರಿಸಲು ಕಾಲಂ ಇದೆಯಲ್ಲ ಎಂದುಕೊಂಡು, ಅವಳ ಹೆಸರಿನ ಕೆಳಗೆ ಎರಡನೆಯದಾಗಿ ಸಂಜುಕುಮಾರ, ವಯಸ್ಸು ನಲವತ್ತೈದು, ಕೊರತೆ: ಬಾಯಿಲೆಕ್ಕ ಎಂದು ಸೇರಿಸಿ, ಸಹಿ ಮಾಡಿ, ಶಾಲೆಯ ಸಿಕ್ಕಾ ಒತ್ತಿ ಕಳಿಸಿದ್ದೇನೆ. ಇದಕ್ಕೆ ಇನ್ನೂ ಉತ್ತರ ಬಂದಿಲ್ಲ, ಬಂದರೆ ನೌಕರಿಯ ಬಗ್ಗೆಯೇ ಬಂದೀತು ಎಂದು ರಾಜೇಶ್ರೀ ಹೇಳುತ್ತಾಳೆ, ಆದರೆ ಹೇಳುವಾಗ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.

ಹೀಗಾಗಿ ಈಗ ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಪರಿಹಾರ ಬೋಧನೆ ನಡೆಯುತ್ತದೆ, ಕಲಿಯುವವರು ಇಬ್ಬರೇ. ಮೊದಲ ವಾರ ತ್ರಿವೇಣಿ ಮಾತಾಡಲಿಲ್ಲ. ನಾನು ಹುಣಸೆಬೀಜಗಳನ್ನು ಗುಂಪು ಮಾಡಿ, ಕೊರತೆ ತುಂಬಿಸಿ, ತಪ್ಪಿ, ಮತ್ತೆ ತುಂಬಿಸಿ ಒದ್ದಾಡುವುದನ್ನು ನೋಡುತ್ತ ಕೂತಿದ್ದಳು. ಎರಡನೇ ವಾರ ಒಂದು ಬೀಜವನ್ನು ಬೆರಳ ತುದಿಯಿಂದ ಸರಿಸಿದಳು. ಮೊನ್ನೆ ನಾನು, ಅಂಗೈಯಲ್ಲಿ ಏನೂ ಬರೆದುಕೊಳ್ಳದೆ, ಬೀಜವನ್ನೂ ಮುಟ್ಟದೆ, ನೂರಾ ಎಂಬತ್ತೊಂಬತ್ತಕ್ಕೆ ಇನ್ನೂರಾ ಮೂವತ್ತಾರನ್ನು ಕೂಡಿ 'ನಾಲ್ಕುನೂರಾ ಇಪ್ಪತ್ತೈದು' ಎಂದೆ. ಜೀವಮಾನದ ಮೊದಲ ಮೂರಂಕಿಯ ಬಾಯಿಲೆಕ್ಕ ಅದು, ಹೇಳಿ ಹೆಮ್ಮೆಯಿಂದ ಚಪ್ಪಾಳೆಗಾಗಿ ಕಾದೆ. ಅವಳು ಹೊಡೆಯಲಿಲ್ಲ. ಗದ್ದಕ್ಕೆ ಕೈ ಕೊಟ್ಟು ನನ್ನನ್ನೇ ನೋಡಿ, 'ಉತ್ತರ ಖರೇ ಅದ ಸರ್. ಹ್ಯಾಂಗ ಬಂತು ಹೇಳ್ರಿ' ಅಂದಳು.

ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಮಗುವಿಗೂ ಕೇಳದ ಪ್ರಶ್ನೆ ಅದು. ಕೆಮ್ಮುವ ನೆಪದಲ್ಲಿ ಅಂಗೈಯನ್ನು ಬಾಯಿಗೆ ತಂದೆ, ಅದು ಖಾಲಿಯಿತ್ತು, ಹಾಗಾಗಿ ಹೇಳಲೇಬೇಕಾಯಿತು. ಹೇಳಿದೆ. ನಡುವೆ ಎರಡು ಕಡೆ ತಡೆದು ತಿದ್ದಿದಳು.

ಆದ್ದರಿಂದ ತಮ್ಮಲ್ಲಿ ನನ್ನ ಕೊನೆಯ ಬೇಡಿಕೆ ಇಷ್ಟೇ. ಸ್ಲೇಟಿನ ಮೇಲೆ ತಾವು ಎಂದಿನಂತೆ ಬಂದು ತಲೆ ಮೇಲೆ ಕೂರಬಹುದು, ಮಕ್ಕಳು ತಮ್ಮನ್ನು ಹತ್ತು ಎಂದು ಕರೆದಾಗ ಬೇಸರ ಮಾಡಿಕೊಳ್ಳಬಾರದು. ಬಾಯಿಲೆಕ್ಕದಲ್ಲಿ ಬೇಕಾದವರು ತಮ್ಮನ್ನು ಕರೆಯುತ್ತಾರೆ, ಬೇಡವಾದವರು ಬುಟ್ಟಿ ತುಂಬಿಸಿಕೊಳ್ಳುತ್ತಾರೆ, ಯಾರಿಗೂ ತಾವು ಕಡ್ಡಾಯವಲ್ಲ. ಇನ್ನು ತಮ್ಮ ಹಾಜರಿಗಾಗಿ ಒಬ್ಬ ಮಾಸ್ತರ ಒಂದು ಮಗುವಿನ ಬಾಯಿ ಮುಚ್ಚಿಸುವುದನ್ನು ಎಲ್ಲಾದರೂ ಕಂಡರೆ, ದಯಮಾಡಿ ಆ ಮಾಸ್ತರನ ತಲೆ ಮೇಲೆ ಹತ್ತೂ ಹಣ್ಣಿನ ಭಾರದಿಂದ ಕೂತು, ಅವನು ತಪ್ಪು ಒಪ್ಪುವ ತನಕ ಇಳಿಯಬಾರದು.

ತಮ್ಮನ್ನು ಇಷ್ಟು ವರ್ಷ ಒಂಬತ್ತು ಕಡಿಮೆ ಮಾಡಿ ಲೆಕ್ಕ ಹಿಡಿದ, ಆದರೂ ತಮ್ಮ ವಿಶ್ವಾಸಿಯಾಗಿರುವ,
ಸಂಜುಕುಮಾರ
ಪರಿಹಾರ ಬೋಧನೆಯ ಪಟ್ಟಿಯಲ್ಲಿ ಕ್ರಮಸಂಖ್ಯೆ ಎರಡು
ಬಿಡಾರ: ಜೇವರ್ಗಿ ಕಾಲೋನಿ, ಕಲಬುರಗಿ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಪಟ್ಟಿಯ ಕ್ರಮಸಂಖ್ಯೆ ಒಂದು ಅವರಿಗೆ ತೋರಿಸಿದೆ. ಅವರು ನನ್ನ ಜೇಬಿನಿಂದಲೇ ಕೆಂಪು ಪೆನ್ನು ತೆಗೆದುಕೊಂಡು, ಇಲ್ಲಿಯ ಲೆಕ್ಕಗಳನ್ನೆಲ್ಲ ನೋಡಿ ಸರಿ ಗುರುತು ಹಾಕಿ, ದಶಕ ಒಂದು ಎಂಬ ತಮ್ಮ ಹೆಸರು ಬಂದ ಮೊದಲ ಸಾಲಿಗೆ ಅಡ್ಡಗೆರೆ ಎಳೆದು, 'ಸರ್, ಇವರು ಬಿಲ್ಕುಲ್ ಬರ್ಲೇ ಇಲ್ಲಲ್ಲ, ಇವರಿಗಿ ಇಷ್ಟುದ್ದ ಪತ್ರ ಯಾಕ ಬರ್ದೀರಿ? ನನಗ ಎರಡ ಸಾಲು ಬರೀಬೇಕಿತ್ತು' ಅಂದರು. ಅದನ್ನು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದೇನೆ, ತಮಗೆ ತೋರಿಸುವುದಿಲ್ಲ.